ಡಿಜೆ ಕೇಳಿದ ಕಿವೀಲೆ ಖಯಾಲ್ ಕೇಳೂದು ಹೆಂಗ

ಧಾರವಾಡದಾವ್ರು ಅಂದಕೂಡ್ಲೆ ಬೆಂಗಳೂರಿನ ಮಂದಿ "ಓ ಹಂಗಾದ್ರೆ ನಿಮ್ಗೆ ಕ್ಲಾಸಿಕಲ್ ಎಲ್ಲಾ ಚೆನ್ನಾಗಿ ಗೊತ್ತಿರ್ಬೇಕಲ್ವಾ" ಅಂತಾರ. ಎಲ್ಲಿದ್ರಿ. ನಮ್ಮ ವಾರಿಗೀ ಹುಡುಗುರ ಫೋನ್ ತಗದು ನೋಡಿದ್ರ ಜಾನಪದ ಡಿಜೆ, ಒಂದಿಷ್ಟು ಕನ್ನಡ ರ‍್ಯಾಪ್, ನಡುವ ಎರಡ ಮೂರು ಪಂಜಾಬಿ ಹಾಡು, ರಾತ್ರಿ ಮಲಗು ಮುಂದ ಕೇಳಾಕ ಯಾವದರ ಸಿನಿಮಾ ಹಾಡಿನ ಸ್ಲೋ ವರ್ಷನ್, ಇಷ್ಟ ಇರತೈತಿ. ನಂದೂ ಹಂಗ ಐತಿ, ಈಗೂ ಐತಿ, ಅದನ್ನ ಡಿಲೀಟ್ ಮಾಡ್ರಿ ಅಂತ ಹೇಳಾಕ ನಾ ಇದನ್ನ ಬರಿಯಾಕತ್ತಿಲ್ಲ. ಅದರ ಪಕ್ಕದಾಗ ಖಯಾಲ್, ಅಂದ್ರ ಹಿಂದೂಸ್ತಾನಿ ಶಾಸ್ತ್ರೀಯ ಹಾಡಿಕಿ, ಕೂಡ ಹೆಂಗ ಹಚ್ಚಬೇಕು ಅನ್ನೂದಷ್ಟ ಹೇಳ್ತೇನಿ.

ಮೊದ್ಲ ಒಂದು ಮಾತು. ಗೌರವದಿಂದ ಶುರು ಮಾಡಬ್ಯಾಡ್ರಿ. ಭಾರತರತ್ನ ಬಂದೈತಿ, ದೊಡ್ಡ ಘರಾಣೆ (ಗುರು ಶಿಷ್ಯರ ಹಾಡಿನ ಪರಂಪರಾ), ಕೈ ಮುಗದು ಕೇಳಬೇಕು ಅಂತ ಕುಂತವ ಐದ ನಿಮಿಷಕ್ಕ ಆಕಳಸ್ತಾನ, ಆಮ್ಯಾಲ ಜೀವನಪೂರ್ತಿ "ಭಾಳ ಚೊಲೋ ಇರತೈತ್ರಿ ಆದ್ರ ನಮಗ ತಿಳಿಯೂದಿಲ್ಲ" ಅಂತ ಅಡ್ಡಾಡತಾನ. ನಿಮ್ಮ ಕಿವಿಗೆ ಈಗಾಗ್ಲೆ ಏನು ರೂಢಿ ಐತೋ ಅಲ್ಲಿಂದ ಹಿಡೀರಿ, ಅಂದ್ರ ಬೀಟ್‌ನಿಂದ.

ಗಣಪತಿ ಕಳಸೂ ದಿನ ಹುಬ್ಬಳ್ಳಿ ಮೆರವಣಿಗ್ಯಾಗ ಡಿಜೆ ಏನ ಮಾಡ್ತಾನ ನೆನಪ ಮಾಡ್ಕೋರಿ, ಕುಣಿಯೂ ಮಂದಿ ಫುಲ್ ಜೋಶ್‌ನ್ಯಾಗ ಇರೂ ಮುಂದ ಬೇಸ್ ಪೂರ್ತಿ ಕಟ್ ಮಾಡಿಬಿಡ್ತಾನ, ಬರೇ ಮ್ಯಾಲಿನ ಸಪ್ಪಳ ಉಳೀತೈತಿ, ಎಲ್ಲಾರೂ ಕೈ ಎತ್ತಿ ಕಾಯ್ತಾರ, ಧಡ್ ಅಂತ ಬೇಸ್ ವಾಪಸ್ ಬರತೈತಿ. ತಬಲಾದಾಗೂ ಇದ ಆಟ ನಡೀತೈತ್ರಿ, ಖರೇನ. ತೀನ್‌ತಾಲ್ ಅಂದ್ರ 16 ಮಾತ್ರೆಯ (ಎಣಿಕಿಯ) ತಾಳ, ನಾಕ ನಾಕರ ನಾಕು ಭಾಗ: ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಮೂರನೇ ಭಾಗಕ್ಕ ಖಾಲಿ ಅಂತಾರ. ಅಲ್ಲಿ ಧಿನ್ ಹೋಗಿ ತಿನ್ ಬಂತಲ್ಲ, ಅಂದ್ರ ಎಡಗೈಯಾಗಿನ ಡಗ್ಗಾದ ಗುಂಯ್ ಅನ್ನೂ ಸಪ್ಪಳ ನಿಂತೈತಿ ಅಂತ ಅರ್ಥ. 14ನೇ ಮಾತ್ರೆಗೆ ಅದು ತಿರುಗಿ ಬರತೈತಿ, ಮುಂದಿನ ಸುತ್ತಿನ ಮೊದಲನೇ ಧಾಕ್ಕ ಹಾಡವ್ರೂ ತಬಲಾದವ್ರೂ ಒಂದ ಕಡೆ ಬಂದು ಬೀಳ್ತಾರ. ಅದಕ್ಕ ಸಮ್ ಅಂತಾರ. ಮುಂದ ಕುಂತ ಕಾಕಾಗಳು ಒಮ್ಮೆಲೆ ತಲಿ ಹಾಕ್ತಾರಲ್ಲ, ಅದು ಇದಕ್ಕ, ಅವರಿಗೇನ ಮ್ಯಾಲಿಂದ ಸಿಗ್ನಲ್ ಬಂದಿರೂದಿಲ್ಲ.

ಹಂಗಾಗಿ ಮೊದ್ಲ ವಾರ ರಾಗದ ಹೆಸರು, ಘರಾಣೆ ಹೆಸರು, ಒಂದೂ ಓದಬ್ಯಾಡ್ರಿ. ಯೂಟ್ಯೂಬ್‌ನ್ಯಾಗ ಒಂದು ಉದ್ದನ್ನ ಖಯಾಲ್ ಹುಡುಕಿ ಸೀದಾ ಕಡೇ ಹತ್ತು ನಿಮಿಷಕ್ಕ ಎಳೀರಿ. ತಿಳದವ್ರು ಕೇಳಿದ್ರ ಬೈತಾರ, ಬೈಲಿ. ಸಾಮಾನ್ಯ ಮೊದ್ಲ ಬಡಾ ಖಯಾಲ್ ಸಾವಕಾಶ ಹಾಡಿ ಆಮ್ಯಾಲ ಛೋಟಾ ಖಯಾಲ್ ಜೋರ ಲಯದಾಗ ಹಾಡ್ತಾರ, ನಮಗ ಮೊದ್ಲ ಬೇಕಾಗಿದ್ದು ಈ ಎರಡನೇದು. ಅದು ತೀನ್‌ತಾಲ್ ಇದ್ರ ಬೆರಳ ಎಣಿಸ್ಕೋಂತ ಸಮ್ ಹಿಡೀರಿ. ತಪ್ಪತೈತಿ, ಮತ್ತ ಹಿಡೀರಿ. ಒಮ್ಮೆ ಸಮ್ ಸಿಕ್ತಂದ್ರ ತಾನ್ (ಜೋರ ಓಡೂ ಸ್ವರಗಳ ಸಾಲು) ಹೊಡಕೋಂತ ಹೋದವ್ರು ಎಲ್ಲಿ ಬಂದು ಬೀಳ್ತಾರ ಅಂತ ನಿಮಗ ಮೊದ್ಲ ಗೊತ್ತಾಗಾಕ ಶುರು ಆಗತೈತಿ, ಆ ಮಜಾ ಹತ್ತಿದ ಮ್ಯಾಲ ಯಾರೂ ಒತ್ತಾಯ ಮಾಡೂದು ಬೇಕಾಗೂದಿಲ್ಲ.

ಹತ್ತು ನಿಮಿಷನೂ ಉದ್ದ ಅನಸಿದ್ರ ಹಳೇ ಗ್ರಾಮೋಫೋನ್ ರಿಕಾರ್ಡ್ ಕೇಳ್ರಿ. ಆ ಕಾಲದ 78 ಆರ್‌ಪಿಎಂ ಪ್ಲೇಟಿನ ಒಂದು ಬಾಜೂಕ ಮೂರು ಮೂರೂವರಿ ನಿಮಿಷ ಅಷ್ಟ ಹಿಡೀತಿತ್ತು, ಅಷ್ಟರಾಗ ರಾಗ, ಬಂದಿಶ್ (ಹಾಡಿನ ಸಾಲು), ತಾನ್ ಎಲ್ಲಾ ಮುಗಸಬೇಕು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬ್ರದು, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರದು ಸಿಗ್ತಾವು, ಸುರ್ ಸುರ್ ಅಂತ ಸಪ್ಪಳ ಇರತೈತಿ, ಎರಡ ಸಲ ಕೇಳಿದ್ರ ಕಿವಿ ಅದನ್ನ ಬಿಟ್ಟುಬಿಡತೈತಿ. ರೀಲ್ಸ್ ನೋಡಿ ಹುಡುಗುರ ತಾಳ್ಮಿ ಹಾಳಾತು ಅಂತ ಎಲ್ಲಾರೂ ಅಂತಾರಲ್ಲ, 1922ರಾಗ ಗದಗ ಜಿಲ್ಲಾದ ರೋಣದಾಗ ಹುಟ್ಟಿದ ಭೀಮಸೇನ ಜೋಶಿ ಅನ್ನೂ ಹುಡುಗ ಕರೀಂ ಖಾನ್ ಸಾಹೇಬ್ರ ಇಂಥಾದ್ದ ಒಂದು ರಿಕಾರ್ಡ್ ಕೇಳಿ ತಲಿ ಕೆಟ್ಟು 11ನೇ ವಯಸ್ಸಿಗೆ ಮನಿ ಬಿಟ್ಟು ಓಡಿದ, ಗುರು ಹುಡುಕ್ಕೋಂತ ಗ್ವಾಲಿಯರ್, ಜಲಂಧರ್ ಅಂತ ಉತ್ತರದ ಕಡೆ ಎಲ್ಲಾ ಸುತ್ತಿ ಕಡೀಕ ನಮ್ಮ ಕುಂದಗೋಳಕ್ಕ ಬಂದು ಸವಾಯಿ ಗಂಧರ್ವರ ಕಡೆ ಕಲತ. ಮೂರು ನಿಮಿಷದ ಹಾಡು ಅಷ್ಟ ಕೆಲಸ ಮಾಡತೈತಿ. ಸಣ್ಣದು ಕೇಳಾಕ ನಾಚಿಕಿ ಬ್ಯಾಡ.

ಬಸ್ಸಿನ್ಯಾಗ ಏನ ಕೇಳಬೇಕು ಅಂತ ಭಾಳ ಮಂದಿ ಕೇಳ್ತಾರ, ಹುಬ್ಬಳ್ಳಿ ಧಾರವಾಡ ನಡುವ ಚಿಗರಿಯೊಳಗ ದಿನಾ ಅಡ್ಡಾಡವ್ರು. ನನ್ನ ಉತ್ತರ ಮಲ್ಲಿಕಾರ್ಜುನ ಮನ್ಸೂರ. ಅವರು ಜೈಪುರ ಅತ್ರೌಲಿ ಘರಾಣೆ, ಉದ್ದ ಆಲಾಪ ಹಚ್ಚಕೊಂಡು ಕುಂದ್ರೂದಿಲ್ಲ, ಜಲ್ದಿ ಬಂದಿಶ್‌ಗೆ ಬಂದುಬಿಡ್ತಾರ, ಲಯಾನೂ ಮಧ್ಯಮ ಇರತೈತಿ, ತಾಳ ಹಿಡಿಯಾಕ ಸರಳ, ಉಸರ ಬಿಡದಂಗ ಒಂದರ ಹಿಂದ ಒಂದು ಸ್ವರ ಹೆಣಕೋಂತ ಹೋಗ್ತಾರ. ಅವರು ಹಾಡಿದ ವಚನಗಳೂ ಅದಾವು, ಕನ್ನಡ ಶಬ್ದ ಇರೂದ್ರಿಂದ ಭಾಷಾ ಗೊತ್ತಾಗೂದಿಲ್ಲ ಅನ್ನೂ ನೆವ ಅಲ್ಲಿ ನಡಿಯೂದಿಲ್ಲ. ಭೀಮಸೇನ ಜೋಶಿಯವರ ದಾಸರ ಪದ ಅಂತೂ ಶುಕ್ರವಾರ ನಿಮ್ಮ ಮನ್ಯಾಗ ಅವ್ವ ಹಚ್ಚಿರತಾರ, ಅದನ್ನ ಒಂದ ಸಲ ಹೆಡ್‌ಫೋನ್ ಹಾಕ್ಕೊಂಡು ಕೇಳ್ರಿ, ಸ್ವರ ಹೆಂಗ ಎಳೀತಾರ ಅಂತ.

ಈ ಮಂದಿ ಹಾಡಿದ್ದನ್ನ ಯಾಕ ಮತ್ತ ಮತ್ತ ಹಾಡ್ತಾರ ಅನ್ನೂ ಡೌಟ್ ಬಂದ್ರ ಶಿಶುನಾಳ ಶರೀಫರ ಯಾವದರ ಒಂದು ತತ್ವಪದ ತಗೋರಿ. ಶರೀಫರು 1819ರಿಂದ 1889ರ ತನಕ ಇದ್ದವ್ರು, ಶಿಶುನಾಳ ಇರೂದು ಈಗಿನ ಹಾವೇರಿ ಜಿಲ್ಲಾದಾಗ. ಅದ ಪದ ಹಳ್ಳಿ ಭಜನಿ ಮಂದಿ ಏಕತಾರಿ ದಮ್ಮಡಿ ಹಿಡಕೊಂಡು ಹಾಡಿದ್ದು ಒಂದ್ಸಲ ಕೇಳ್ರಿ, ಸಿ. ಅಶ್ವತ್ಥ ಅವರ ದನಿಯಾಗ ಒಂದ್ಸಲ, ರಘು ದೀಕ್ಷಿತ್ ಗಿಟಾರ್ ಬ್ಯಾಂಡ್ ಕಟಗೊಂಡು ಹಾಡಿದ್ದು ಸಿಕ್ರ ಅದೂ ಒಂದ್ಸಲ. ಶಬ್ದ ಅವ, ಹಾಡು ಬ್ಯಾರೇನ ಆಗಿರತೈತಿ. ಖಯಾಲ್‌ದಾಗ ಬಂದಿಶ್ ಅಂದ್ರ ಎರಡ ನಾಕು ಸಾಲು ಅಷ್ಟ, ಅದನ್ನ ಹಾಡವ್ರು ಅವತ್ತಿನ ಮನಸ್ಸಿನಂಗ ಬಿಚ್ಚಕೋಂತ ಹೋಗ್ತಾರ, ಇವತ್ತು ಹಾಡಿದ್ದು ನಾಳೆ ಇರೂದಿಲ್ಲ. ನಮ್ಮ ರ‍್ಯಾಪ್ ಹುಡುಗುರು ಅದ ಬೀಟ್ ಮ್ಯಾಲ ಫ್ರೀಸ್ಟೈಲ್ ಹೊಡೀತಾರಲ್ಲ, ಅವರಿಗೆ ಇದನ್ನ ಬಿಡಿಸಿ ಹೇಳೂದು ಬೇಕಾಗಿಲ್ಲ.

ಇನ್ನ ಸಾವಕಾಶ ಇರೂ ಬಡಾ ಖಯಾಲ್. ಇದನ್ನ ಬಸ್ಸಿನ್ಯಾಗ ಕೇಳಬ್ಯಾಡ್ರಿ, ಜಿಮ್‌ನ್ಯಾಗಂತೂ ಬ್ಯಾಡವೇ ಬ್ಯಾಡ. ಕಿರಾಣಾ ಘರಾಣೆಯವ್ರು ವಿಲಂಬಿತ (ಸಾವಕಾಶ ಲಯದ) ಏಕ್‌ತಾಲ್ ಹಾಡಿದ್ರ 12 ಮಾತ್ರೆದ ಒಂದ ಸುತ್ತು ಮುಗಿಯಾಕ ಹತ್ತಿರ ಹತ್ತಿರ ಒಂದು ನಿಮಿಷ ಹಿಡೀತೈತಿ, ಎಣಿಸಾಕ ಹ್ವಾದ್ರ ಹುಚ್ಚ ಹಿಡೀತೈತಿ. ಎಣಸಬ್ಯಾಡ್ರಿ. ರಾತ್ರಿ ಲೈಟ್ ಆರಿಸಿ ಸೌಂಡ್ ಸಣ್ಣಂಗ ಇಟ್ಟು ಹಿಂದ ನಡೀತಿರೂ ತಂಬೂರಿ ಮ್ಯಾಲ ಲಕ್ಷ್ಯ ಇಡ್ರಿ, ಹಾಡವ್ರು ತಂಬೂರಿಯ ಆ ಷಡ್ಜದಿಂದ, ಅಂದ್ರ ಸಾ ಸ್ವರದಿಂದ, ಎಷ್ಟ ದೂರ ಹೋದ್ರು, ಯಾವಾಗ ವಾಪಸ್ ಬಂದ್ರು, ಅಷ್ಟ ನೋಡ್ರಿ. ಗಂಗೂಬಾಯಿ ಹಾನಗಲ್ ಅವರನ್ನ ಇದಕ್ಕ ಆರಿಸ್ಕೋರಿ. 1930ರ ದಶಕದ ಅವರ ರಿಕಾರ್ಡ್ ಕೇಳಿದ್ರ ತೆಳ್ಳನ ಹೆಂಗಸಿನ ದನಿ, ಆಮ್ಯಾಲ ಗಂಟಲದ ಆಪರೇಶನ್ ಆಗಿ ದನಿ ಗಡಸಾತು, ನಂತರದ್ದು ಹಚ್ಚಿದ್ರ ಹಾಡವ್ರು ಗಂಡಸೋ ಹೆಂಗಸೋ ಅಂತ ಹೊಸಬರಿಗೆ ತಿಳಿಯೂದಿಲ್ಲ. ಇವತ್ತ ಆಟೋಟ್ಯೂನ್ ಹಾಕಿ ಎಲ್ಲಾರ ದನಿ ಒಂದ ಥರ ಮಾಡಾಕತ್ತೇವಿ, ಅವರು ಆ ಗಡಸ ದನೀನ ಇಟಗೊಂಡು ಜಗತ್ತೆಲ್ಲಾ ಹಾಡಿ ಬಂದ್ರು. ಕಲಿಯೂ ಕಾಲಕ್ಕ ಹುಬ್ಬಳ್ಳಿಂದ ಟ್ರೇನ್ ಹತ್ತಿ ಕುಂದಗೋಳಕ್ಕ ಸವಾಯಿ ಗಂಧರ್ವರ ಕಡೆ ಹೋಗಿ ಬರತಿದ್ರು.

ಮನ್ಯಾಗ ಒಂದಿಷ್ಟು ರೂಢಿ ಆದಮ್ಯಾಲ ಎದುರಿಗೆ ಕುಂತು ಕೇಳಾಕ ಹೋಗ್ರಿ. ಬೆಂಗಳೂರು ಪುಣೇದಾಗ ಟಿಕೆಟ್ ಕೊಟ್ಟು ಕೇಳೂದನ್ನ ನಮ್ಮ ಕಡೆ ಎಷ್ಟೋ ಸಲ ಪುಕ್ಕಟ ಕೇಳಬೋದು. ಧಾರವಾಡದ ಸೃಜನಾ ರಂಗಮಂದಿರದಾಗ ಏನ ನಡದೈತಿ ಅಂತ ಪೇಪರಿನ "ನಗರದಲ್ಲಿ ಇಂದು" ಥರದ ಕಾಲಂ ನೋಡ್ರಿ, ಇನ್‌ಸ್ಟಾದಾಗ ಬರೂದಿಲ್ಲ ಇವು. ಗದಗಿನವ್ರಿಗೆ ವೀರೇಶ್ವರ ಪುಣ್ಯಾಶ್ರಮ ಐತಿ, ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣ ಕಾಣದ ಮಕ್ಕಳಿಗೆ ಊಟ, ವಸತಿ, ಸಂಗೀತ ಎಲ್ಲಾ ಕೊಟ್ಟು ಬೆಳಿಸಿದ ಜಾಗಾ, ಜಾತ್ರಿಗೆ ಹ್ವಾದ್ರ ಅಲ್ಲೇ ಹಾಡು ಕೇಳಿ ಬರಬೋದು.

ಒಳಗ ಹ್ವಾದಮ್ಯಾಲ ನಿಯಮ ಭಾಳ ಇಲ್ಲ. ತಡಾ ಆದ್ರ ಬಾಗಲ ಕಡೆ ನಿಂತು ಒಂದು ರಾಗ ಮುಗಿದ ಮ್ಯಾಲ ಒಳಗ ಹೋಗ್ರಿ. ಫೋನ್ ಎತ್ತಿ ರಿಕಾರ್ಡ್ ಮಾಡಬ್ಯಾಡ್ರಿ, ಹಿಂದ ಕುಂತ ಅಜ್ಜಾರಿಗೆ ನಿಮ್ಮ ಸ್ಕ್ರೀನ್ ಅಷ್ಟ ಕಾಣತೈತಿ. ವಾಹ್ ಅನ್ನಬೇಕೋ ಬ್ಯಾಡೋ ಅಂತ ಚಿಂತಿ ಬ್ಯಾಡ, ಬಾಯಿಗೆ ತಾನ ಬಂದ್ರ ಅನ್ರಿ. ರಾಗ ಯಾವದು ಅಂತ ತಿಳೀಲಿಲ್ಲಂದ್ರ ಬಾಜೂಕ ಕುಂತ ಕಾಕಾನ್ನ ಕೇಳ್ರಿ, ಹೆಸರಿನ ಜೋಡಿ ಅವರು ಅದನ್ನ 40 ವರ್ಷದ ಹಿಂದ ಯಾರ ಬಾಯಾಗ ಕೇಳಿದ್ರು ಅನ್ನೂದೂ ಸಿಗತೈತಿ, ಬ್ಯಾಡಂದ್ರೂ.

ಧೈರ್ಯ ಬಂತಂದ್ರ ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೇದಾಗ ನಡಿಯೂ ಅಹೋರಾತ್ರಿ ಕಾರ್ಯಕ್ರಮಕ್ಕ ಹೋಗ್ರಿ. ಯಾಕಂದ್ರ ರಾಗಕ್ಕ ಹೊತ್ತು ಇರತೈತಿ, ಪೂರಿಯಾ ಧನಾಶ್ರೀ ಸಂಜಿಗೆ, ಮಾಲಕಂಸ ರಾತ್ರಿಗೆ, ಲಲಿತ, ತೋಡಿ ಅಂದ್ರ ಬೆಳಗಿನವು. ಊರಾಗಿನ ಕಚೇರಿ ಎಲ್ಲಾ ಸಂಜೀಕ ಶುರು ಆಗಿ ಹತ್ತರೊಳಗ ಮುಗಿಯೂದ್ರಿಂದ ಬೆಳಗಿನ ರಾಗ ಎದುರಿಗೆ ಕೇಳಾಕ ಸಿಗೂದ ಅಪರೂಪ. ಇಡೀ ರಾತ್ರಿ ಕುಂತವ್ರಿಗೆ ಅದು ಸಿಗತೈತಿ. ಒಂದು ಶಾಲು, ನೀರಿನ ಬಾಟ್ಲಿ ಒಯ್ರಿ, ಕುಂದ್ರಾಕ ಗ್ವಾಡಿಗೆ ಆನಿಕಿ ಸಿಗೂ ಜಾಗಾ ಮೊದ್ಲ ಹಿಡೀರಿ, ನಡುರಾತ್ರಿ ನಿದ್ದಿ ಬಂದ್ರ ಅಲ್ಲೇ ಒಂದ ಸಣ್ಣ ಜೊಂಪು ತಗೋರಿ, ಯಾರೂ ಏನೂ ಅನ್ನೂದಿಲ್ಲ.