ಗೇಮ್ ಸಂಗೀತದೊಳಗಿನ ಕುಣಿತವನ್ನು ಕಾಲಿನಿಂದ ಹುಡುಕುವುದು ಹೇಗೆ

ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗ ನಡುಮನೆಯಲ್ಲಿ ಸೂಪರ್ ಮಾರಿಯೊ ಬ್ರದರ್ಸ್ ಎಂಬ ಹಳೆಯ ವಿಡಿಯೊ ಗೇಮ್ ಆಡುತ್ತಿದ್ದ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಆಟದ ನಾಯಕ ಮಾರಿಯೊ ನೀರಿಗಿಳಿದ, ಸಂಗೀತವೂ ಬದಲಾಯಿತು. ಅಲ್ಲಿಯವರೆಗೆ ನಾಲ್ಕೆಣಿಕೆಯಲ್ಲಿ ತಕಧಿಮಿ ಅನ್ನುತ್ತಿದ್ದ ನನ್ನ ಚಾಕು ತಾನಾಗಿಯೇ ಮೂರೆಣಿಕೆಗೆ ಇಳಿದು ತಕಿಟ, ತಕಿಟ ಅನ್ನತೊಡಗಿತು. 20 ವರ್ಷದಿಂದ ಭರತನಾಟ್ಯ ಕಲಿಸುತ್ತಿದ್ದೇನೆ. ಎಣಿಕೆ ಬದಲಾದರೆ ಅದು ಮೊದಲು ಗೊತ್ತಾಗುವುದು ಕೈಕಾಲಿಗೆ, ತಲೆಗೆ ಆಮೇಲೆ. ಗೇಮ್ ಸಂಗೀತವನ್ನೂ ಹಾಗೇ ಕೇಳಬಹುದು. ಸಂಗೀತ ಕಲಿತಿರಬೇಕಿಲ್ಲ.

ಆಟವನ್ನು ಬೇರೆಯವರ ಕೈಗೆ ಕೊಟ್ಟು ಪರದೆಗೆ ಬೆನ್ನು ಹಾಕಿ, ಬರಿಗಾಲಲ್ಲಿ ನಿಲ್ಲಿ. ಚಪ್ಪಾಳೆ ಬೇಡ. ಒಂದೊಂದು ಎಣಿಕೆಗೆ ಒಂದೊಂದು ಕಾಲಿಗೆ ಮೈಭಾರ ಬಿಡಿ: ಬಲ, ಎಡ, ಬಲ, ಎಡ. ಸಂಗೀತ ಎಲ್ಲಿ ಜೋರಾಗಿ ಒತ್ತುತ್ತದೋ ಅದು 'ಒಂದು'. ಮುಂದಿನ ಒತ್ತು ಬರುವವರೆಗೆ ಎಣಿಸಿ. ನಾಲ್ಕಾದರೆ ಒತ್ತು ಪ್ರತಿ ಸಲವೂ ಅದೇ ಕಾಲಿಗೆ ಬೀಳುತ್ತದೆ. ಮೂರಾದರೆ ಒಮ್ಮೆ ಬಲಗಾಲು, ಒಮ್ಮೆ ಎಡಗಾಲು. ಆಗ ಮೈ ತಾನಾಗಿ ತೂಗುತ್ತದೆ. ಸುಮ್ನೆ ಓದಿದರೆ ಇದು ತಿಳಿಯುವುದಿಲ್ಲ, ಒಮ್ಮೆ ಮಾಡಿ ನೋಡಿ.

1985ರ ಆ ಆಟಕ್ಕೆ ಸಂಗೀತ ಕಟ್ಟಿದವರು ಜಪಾನಿನ ಕೋಜಿ ಕೊಂಡೊ. ನೀರಿನೊಳಗಿನ ಹಂತಕ್ಕೆ ಅವರು ಕೊಟ್ಟದ್ದು ವಾಲ್ಟ್ಸ್. ಯುರೋಪಿನಲ್ಲಿ ಜೋಡಿಯಾಗಿ ಸುತ್ತುತ್ತಾ ಕುಣಿಯುವ, ಮೂರೆಣಿಕೆಯ ಕುಣಿತ ಅದು. ನೀರಿನಲ್ಲಿ ಮಾರಿಯೊ ಓಡುವುದಿಲ್ಲ. ಗುಂಡಿ ಒತ್ತಿದರೆ ಸ್ವಲ್ಪ ಮೇಲೇಳುತ್ತಾನೆ, ಬಿಟ್ಟರೆ ಮೆಲ್ಲಗೆ ಇಳಿಯುತ್ತಾನೆ. ವಾಲ್ಟ್ಸ್ ಕುಣಿಯುವವರೂ ಹೀಗೇ ಏಳುತ್ತಾ ಇಳಿಯುತ್ತಾ ಸಾಗುತ್ತಾರೆ. ಎಷ್ಟು ಚೆನ್ನಾಗಿ ಹೊಂದಿದೆ ಅಲ್ವಾ!

ಎಣಿಕೆ ಸಿಕ್ಕಿತು ಅಂದರೆ ಹೆಜ್ಜೆಗೆ ಬನ್ನಿ. ಇದಕ್ಕೆ ನನ್ನ ಮೆಚ್ಚಿನ ಪಾಠ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ 1989ರಲ್ಲಿ ಬಂದ ಟೆಟ್ರಿಸ್ ಆಟ. ಎಲ್ಲರಿಗೂ ನೆನಪಿರುವುದು ಅದರ 'ಎ' ಸಂಗೀತ, ಕೊರೊಬೈನಿಕಿ ಎಂಬ ರಷ್ಯಾದ ಜಾನಪದ ಹಾಡು. ನೀವು 'ಸಿ' ಆರಿಸಿ. ಅದು ಜರ್ಮನಿಯ ಸಂಗೀತಗಾರ ಬಾಖ್‌ನ ಮೂರನೇ 'ಫ್ರೆಂಚ್ ಸ್ವೀಟ್' (ಕುಣಿತದ ಸಂಗೀತಗಳ ಒಂದು ಮಾಲೆ) ಒಳಗೆ ಬರುವ ಮಿನುಯೆ. ಮಿನುಯೆ ಫ್ರಾನ್ಸಿನ ಅರಮನೆಯ ಕುಣಿತ. ಸಂಗೀತ ಮೂರೆಣಿಕೆಯದು. ಆದರೆ ಹೆಜ್ಜೆ ಆರೆಣಿಕೆಗೆ ಒಂದು ಸುತ್ತು, ಆ ಆರರಲ್ಲಿ ನಾಲ್ಕೇ ಹೆಜ್ಜೆ. ರೂಢಿಯಲ್ಲಿರುವ ಒಂದು ಕ್ರಮ ಹೀಗಿದೆ: 1ಕ್ಕೆ ಬಲಗಾಲು, 2ಕ್ಕೆ ಮಂಡಿ ಸ್ವಲ್ಪ ಬಗ್ಗಿಸಿ, 3ಕ್ಕೆ ಎಡ, 4ಕ್ಕೆ ಬಲ, 5ಕ್ಕೆ ಎಡ, 6ಕ್ಕೆ ಮತ್ತೆ ಬಗ್ಗಿ. ಮುಂದಿನ ಸುತ್ತೂ ಬಲಗಾಲಿನಿಂದಲೇ ಶುರು. ಮೊದಲು ಸಂಗೀತವಿಲ್ಲದೆ, ಬಾಯಲ್ಲಿ ಎಣಿಸುತ್ತಾ ನಡೆಯಿರಿ. ಹತ್ತು ಸುತ್ತು ಸರಾಗವಾಗಿ ಬಂದ ಮೇಲೆ ಟೆಟ್ರಿಸ್ ಹಚ್ಚಿ. ನನ್ನ ವಿದ್ಯಾರ್ಥಿನಿಯರು ಎರಡನೇ ಎಣಿಕೆಯಲ್ಲೇ ಜಾಸ್ತಿ ಎಡವುತ್ತಾರೆ. ಅಲ್ಲಿ ಕಾಲು ಮುಂದೆ ಹೋಗಬಾರದು, ಮಂಡಿಯಷ್ಟೇ ಬಗ್ಗಬೇಕು.

ಮಿನುಯೆಯ ಎರಡು ಭಾಗಗಳನ್ನೂ ಎರಡೆರಡು ಸಲ ನುಡಿಸುತ್ತಾರೆ. ಕುಣಿಯುವವರಿಗೆ ಹೊತ್ತು ಬೇಕಲ್ಲ! ಗೇಮಿಗೂ ಇದೇ ಬೇಕಿತ್ತು. ಸೂಪರ್ ಮಾರಿಯೊದ ಇಡೀ ಆಟ ಬರೀ 40 ಕಿಲೋಬೈಟ್ ಜಾಗದಲ್ಲಿ ಕೂತಿದೆ, ಚಿತ್ರ ಸಂಗೀತ ಎಲ್ಲಾ ಸೇರಿ. ಚಿಕ್ಕ ತುಣುಕು ಮತ್ತೆ ಮತ್ತೆ ಬರಬೇಕು, ಬೇಸರವೂ ಆಗಬಾರದು. ಕುಣಿತದ ಸಂಗೀತಕ್ಕೆ ಈ ಗುಣ ಹುಟ್ಟಿನಿಂದಲೇ ಇದೆ.

ಇನ್ನು ವೇಗ. ಮಾರಿಯೊದಲ್ಲಿ ಪರದೆಯ ಮೇಲೆ ತೋರಿಸುವ ಉಳಿದ ಸಮಯ 100ಕ್ಕಿಂತ ಕೆಳಗಿಳಿದರೆ ಸಂಗೀತ ಓಡತೊಡಗುತ್ತದೆ. ಭರತನಾಟ್ಯ ಕಲಿತವರು ಇಲ್ಲಿ ಗಮನಿಸಿ, ಇದು ನಮ್ಮ ಎರಡನೇ ಕಾಲ ಅಲ್ಲ. ನಮ್ಮಲ್ಲಿ ತಾಳ ಇದ್ದಲ್ಲೇ ಇರುತ್ತದೆ, ಹೆಜ್ಜೆ ಮಾತ್ರ ಇಮ್ಮಡಿಯಾಗುತ್ತದೆ. ಮಾರಿಯೊದಲ್ಲಿ ತಾಳವೇ ಓಡುತ್ತದೆ. ಹೆಜ್ಜೆ ಇಮ್ಮಡಿ ಮಾಡಲು ಹೋಗಬೇಡಿ. ಅದೇ ಹೆಜ್ಜೆಯನ್ನು ಚಿಕ್ಕದು ಮಾಡಿ, ಪಾದ ನೆಲಕ್ಕೆ ಹತ್ತಿರ ಇಡಿ.

ಇಷ್ಟಾದ ಮೇಲೆ 2015ರ ಕ್ರಿಪ್ಟ್ ಆಫ್ ದ ನೆಕ್ರೋಡ್ಯಾನ್ಸರ್ ಆಡಿ. ಡ್ಯಾನಿ ಬರನೋವ್‌ಸ್ಕಿ ಅವರ ಸಂಗೀತ. ಇದರಲ್ಲಿ ತಾಳಕ್ಕೆ ಸರಿಯಾಗಿಯೇ ಹೆಜ್ಜೆ ಇಡಬೇಕು, ಶತ್ರುಗಳೂ ತಾಳಕ್ಕೇ ಚಲಿಸುತ್ತಾರೆ. ಅಸ್ಥಿಪಂಜರ ಕೈ ಎತ್ತಿದರೆ ಮುಂದಿನ ಎಣಿಕೆಗೆ ನಿಮ್ಮತ್ತ ಬರುತ್ತದೆ. ಕಣ್ಣಲ್ಲಿ ನೋಡಿ ಒತ್ತಿದರೆ ತಡವಾಗುತ್ತದೆ. ಮೇಜಿನ ಕೆಳಗೆ ಹಿಮ್ಮಡಿಯಲ್ಲಿ ತಾಳ ಹಾಕುತ್ತಿರಿ, ಬೆರಳು ಹಿಮ್ಮಡಿಯ ಜೊತೆಗೇ ಹೋಗಲಿ. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ. ಸದ್ದು ಒಂದಿಷ್ಟು ತಡವಾಗಿ ಬಂದು ಎಣಿಕೆಯೇ ತಪ್ಪುತ್ತದೆ. ವೈರ್ ಇರುವುದನ್ನೇ ಹಾಕಿಕೊಳ್ಳಿ.