ಉಸಿರಿನಲ್ಲಿ ಹೊರಬರುವ ಇಂಗಾಲ, ದೇಹದಲ್ಲಿ ಉರಿಯುವ ಕೊಬ್ಬು

ದೇಹವು ಒಟ್ಟು ಎಷ್ಟು ಕೊಬ್ಬನ್ನು ಉರಿಸುತ್ತಿದೆ ಎಂದು ತಿಳಿಯಲು ಐಸೊಟೋಪ್ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣು) ಬೇಕಾಗುವುದಿಲ್ಲ. ಬಳಕೆಯಾದ ಆಮ್ಲಜನಕವನ್ನೂ ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನೂ ಅಳೆದರೆ ಸಾಕು. ಆದರೆ ಆ ಕೊಬ್ಬು ರಕ್ತದ ಮೂಲಕ ಬಂದದ್ದೋ ಸ್ನಾಯುವಿನೊಳಗೇ ಶೇಖರವಾಗಿದ್ದದ್ದೋ ಎಂಬುದನ್ನು ಆ ಅಳತೆ ಹೇಳದು. ನಾನು ಟ್ರೇಸರ್, ಅಂದರೆ ದೇಹದೊಳಗೆ ಜಾಡು ಹಿಡಿಯಬಹುದಾದ ಗುರುತಿನ ಅಣು, ಬಳಸುವುದು ಇದಕ್ಕಾಗಿಯೇ.

ಹದಿನಾರು ಇಂಗಾಲದ ಪರಮಾಣುಗಳೂ ಇಂಗಾಲ-13 (ಇಂಗಾಲದ ತುಸು ಭಾರವಾದ ಐಸೊಟೋಪ್) ಆಗಿರುವ ಪಾಲ್ಮಿಟೇಟ್ ಎಂಬ ಕೊಬ್ಬಿನಾಮ್ಲ ನನ್ನ ಟ್ರೇಸರ್. ಅದು ವಿಕಿರಣ ಸೂಸುವುದಿಲ್ಲ, ಆದರೆ ನೀರಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಅದರ ಪೊಟ್ಯಾಸಿಯಂ ಲವಣವನ್ನು ಬಿಸಿನೀರಿನಲ್ಲಿ ಕರಗಿಸಿ, ದ್ರಾವಣ ತಿಳಿಯಾಗಿರುವಾಗಲೇ, ರಕ್ತದಲ್ಲಿ ಕೊಬ್ಬಿನಾಮ್ಲಗಳನ್ನು ಹೊರುವ ಪ್ರೋಟೀನ್ ಆದ ಬೆಚ್ಚಗಿನ ಆಲ್ಬುಮಿನ್‌ಗೆ ನಿಧಾನವಾಗಿ ಬೆರೆಸುತ್ತೇನೆ; ತಣಿಯಲು ಬಿಟ್ಟರೆ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಸೋಸಿ ನಿರ್ಜೀವೀಕರಿಸಿದ ಮೇಲೆ ಒಂದು ತೋಳಿನ ಅಭಿಧಮನಿಗೆ ಪಂಪ್ ಮೂಲಕ ಸಮಗತಿಯಲ್ಲಿ ಹರಿಸುತ್ತೇನೆ. ಇನ್ನೊಂದು ಕೈಯನ್ನು ಬಿಸಿಗಾಳಿಯ ಪೆಟ್ಟಿಗೆಯಲ್ಲಿಟ್ಟು ಅಲ್ಲಿಂದ ರಕ್ತ ತೆಗೆದರೆ, ಅಭಿಧಮನಿಯ ರಕ್ತವೂ ಬಹುಮಟ್ಟಿಗೆ ಅಪಧಮನಿಯ ರಕ್ತದಂತೆಯೇ ಇರುತ್ತದೆ.

ಉಸಿರಿನ ಮಾದರಿ ತೆಗೆಯುವುದು ಸರಳ: ವ್ಯಕ್ತಿ ಕೊಳವೆಯ ಮೂಲಕ ಗಾಜಿನ ನಳಿಕೆಯೊಳಗೆ ಊದುತ್ತಾರೆ, ಒಳಗೋಡೆ ಮಬ್ಬಾದಾಗ ಊದುತ್ತಿರುವಂತೆಯೇ ಕೊಳವೆ ಹೊರತೆಗೆದು ಮುಚ್ಚಳ ಬಿಗಿಯುತ್ತೇನೆ. ಪಂಪ್ ಆರಂಭಕ್ಕೆ ಮುಂಚೆಯೂ ಮಾದರಿ ಬೇಕು, ಏಕೆಂದರೆ ನಿಸರ್ಗದ ಇಂಗಾಲದಲ್ಲಿಯೇ ಸುಮಾರು 1.1 ಪ್ರತಿಶತ ಇಂಗಾಲ-13 ಇರುತ್ತದೆ. ಜೋಳ, ಕಬ್ಬಿನಂಥ ಸಸ್ಯಗಳಲ್ಲಿ ಅದು ತುಸು ಹೆಚ್ಚು, ಹಾಗಾಗಿ ಹಿಂದಿನ ಆಹಾರವೂ ಆರಂಭದ ಅಳತೆಯನ್ನು ಕದಲಿಸಬಲ್ಲದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಲೆಕ್ಕದಲ್ಲಿ. ಉರಿದ ಪಾಲ್ಮಿಟೇಟ್‌ನ ಇಂಗಾಲವೆಲ್ಲ ಉಸಿರಿಗೆ ಬರುವುದಿಲ್ಲ. ಒಂದಿಷ್ಟು ದೇಹದ ಬೈಕಾರ್ಬೊನೇಟ್ (ಕರಗಿದ ಇಂಗಾಲದ ಡೈಆಕ್ಸೈಡಿನ ರೂಪ) ಸಂಗ್ರಹದಲ್ಲಿ ತಡೆದು ನಿಲ್ಲುತ್ತದೆ. ಅದಕ್ಕಾಗಿ ಆರಂಭದಲ್ಲಿಯೇ ಇಂಗಾಲ-13ರ ಬೈಕಾರ್ಬೊನೇಟನ್ನು ಒಮ್ಮೆ ಕೊಟ್ಟು ಆ ಸಂಗ್ರಹವನ್ನು ತುಂಬಿಬಿಡುತ್ತೇನೆ. ಇನ್ನೊಂದಿಷ್ಟು, ಕೊಬ್ಬು ಕೊನೆಗೆ ಉರಿಯುವ ಸಿಟ್ರಿಕ್ ಆಮ್ಲ ಚಕ್ರದಿಂದ ಗ್ಲುಟಮೇಟ್, ಗ್ಲೂಕೋಸ್ ಮುಂತಾದವುಗಳಿಗೆ ಜಾರಿಹೋಗುತ್ತದೆ, ಬೈಕಾರ್ಬೊನೇಟ್ ಕೊಟ್ಟರೆ ಈ ಸೋರಿಕೆ ಸರಿಹೋಗುವುದಿಲ್ಲ. ಆದ್ದರಿಂದ ಅದೇ ವ್ಯಕ್ತಿಗೆ ಬೇರೊಂದು ದಿನ, ಅದೇ ಕ್ರಮದಲ್ಲಿ, ಇಂಗಾಲ-13ರ ಅಸಿಟೇಟ್ (ಅದೇ ಚಕ್ರದಲ್ಲಿ ಉರಿಯುವ ಚಿಕ್ಕ ಅಣು) ಹರಿಸಿ, ಅದರಲ್ಲಿ ಎಷ್ಟು ಪಾಲು ಉಸಿರಿಗೆ ಮರಳುತ್ತದೆಂದು ನೋಡಿ, ಪಾಲ್ಮಿಟೇಟ್‌ನ ಅಂಕಿಯನ್ನು ಆ ಪಾಲಿನಿಂದ ಭಾಗಿಸುತ್ತೇನೆ. ವಿಶ್ರಾಂತಿಯಲ್ಲಿ ಈ ಸೋರಿಕೆ ದೊಡ್ಡದು, ವ್ಯಾಯಾಮದಲ್ಲಿ ಚಿಕ್ಕದು. ತಿದ್ದದೆ ಬಿಟ್ಟರೆ ವ್ಯಾಯಾಮದಿಂದಾದ ಏರಿಕೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಬೇರೆಯವರ ಪ್ರಕಟಿತ ಸರಾಸರಿಯನ್ನು ಎರವಲು ತರುವುದು ವಾಡಿಕೆ. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಈ ಪಾಲು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ.

ಹೀಗೆ ದೊರೆತ, ಉರಿದ ಪಾಲ್ಮಿಟೇಟ್ ಪ್ರಮಾಣವನ್ನು ರಕ್ತದ ಕೊಬ್ಬಿನಾಮ್ಲಗಳಲ್ಲಿ ಪಾಲ್ಮಿಟೇಟ್ ಹೊಂದಿರುವ ಪಾಲಿನಿಂದ ಭಾಗಿಸಿದರೆ ರಕ್ತದಿಂದ ಬಂದು ಉರಿದ ಕೊಬ್ಬಿನಾಮ್ಲಗಳ ಒಟ್ಟು ಪ್ರಮಾಣ ಸಿಗುತ್ತದೆ. ಉಸಿರಾಟದ ಅನಿಲಗಳಿಂದ ಪಡೆದ ಒಟ್ಟು ಕೊಬ್ಬಿನಿಂದ ಇದನ್ನು ಕಳೆದಾಗ ಉಳಿಯುವುದನ್ನು ಹಲವರು ನೇರವಾಗಿ ಸ್ನಾಯುವಿನ ಕೊಬ್ಬು ಎಂದೇ ಬರೆದುಬಿಡುತ್ತಾರೆ. ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಲಿಪೊಪ್ರೋಟೀನ್‌ಗಳಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕೂಡ ಆ ಉಳಿಕೆಯಲ್ಲಿ ಸೇರಿರುವುದರಿಂದ, ನನ್ನ ಕೋಷ್ಟಕದಲ್ಲಿ ಅದಕ್ಕೆ ‘ಇತರ ಮೂಲಗಳು’ ಎಂದಷ್ಟೇ ಹೆಸರಿಡುತ್ತೇನೆ.