ಸೈರನ್‌ಸೆಸ್ಟರ್‌ನ ಗೋಡೆಗೆ ರೋಮನ್ ಮೊಲ: ಭಿತ್ತಿಚಿತ್ರ ಬರೆಯುವ ಕ್ರಮ

ಇಂಗ್ಲೆಂಡಿನ ಸೈರನ್‌ಸೆಸ್ಟರ್ ಪಟ್ಟಣವು ರೋಮನ್ನರ ಕಾಲದಲ್ಲಿ ಕೊರಿನಿಯಂ ಎಂಬ ದೊಡ್ಡ ನಗರವಾಗಿತ್ತು. ಆ ಪರಂಪರೆಯನ್ನು ಅಲ್ಲಿನ ಸಾರ್ವಜನಿಕ ಗೋಡೆಯ ಮೇಲೆ ಚಿತ್ರಿಸಬಯಸುವವರು ಮೊದಲು ಕೊರಿನಿಯಂ ವಸ್ತುಸಂಗ್ರಹಾಲಯಕ್ಕೆ ಹೋಗಿ, 1971ರಲ್ಲಿ ದೊರೆತ ಮೊಲದ ಮೊಸಾಯಿಕ್ (ಚಿಕ್ಕ ಹರಳುಗಳನ್ನು ಜೋಡಿಸಿ ಚಿತ್ರ ಮೂಡಿಸಿದ) ನೆಲದ ಮುಂದೆ ಸಾವಧಾನವಾಗಿ ನಿಲ್ಲಬೇಕು. ಮೇಯುತ್ತಿರುವ ಆ ಮೊಲದ ಬೆನ್ನಿನಲ್ಲಿ ಕಲ್ಲಿನ ಹರಳುಗಳ ನಡುವೆ ಹಸಿರು ಗಾಜಿನ ಚೂರುಗಳನ್ನು ಕೂರಿಸಲಾಗಿದೆ. ಇಂತಹ ಒಂದೇ ವಿವರವನ್ನು ಆರಿಸಿಕೊಂಡರೆ ಸಾಕು. ಸೈನಿಕರು, ರಥಗಳು, ಕಂಬಗಳನ್ನೆಲ್ಲ ಒಂದು ಗೋಡೆಗೆ ತುಂಬುವುದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಗೋಡೆಯ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ. ಕಟ್ಟಡವು ಸಂರಕ್ಷಿತ ಪಟ್ಟಿಯಲ್ಲಿದ್ದರೆ ಸ್ಥಳೀಯ ಆಡಳಿತದ ಅನುಮತಿಯೂ ಬೇಕು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಪ್ಲಾಸ್ಟಿಕ್ ಅಂಶದ ಬಣ್ಣವನ್ನು ಬಳಿಯಬಾರದು, ಏಕೆಂದರೆ ಒಳಗಿನ ತೇವವು ಹೊರಬರಲಾರದೆ ಬಣ್ಣದ ಪದರ ಉಬ್ಬಿ ಕಿತ್ತುಬರುತ್ತದೆ. ತೇವವನ್ನು ಆರಗೊಡುವ ಸಿಲಿಕೇಟ್ ಬಣ್ಣವೇ ಇಲ್ಲಿ ಸೂಕ್ತ.

ನಕ್ಷೆಯನ್ನು ಚೌಕಗಳಾಗಿ ವಿಭಜಿಸಿ, ದಾರಕ್ಕೆ ಸೀಮೆಸುಣ್ಣ ಸವರಿ ಗೋಡೆಯ ಮೇಲೆ ಗೆರೆ ಹೊಡೆದು, ಒಂದೊಂದೇ ಚೌಕವನ್ನು ಹಿಗ್ಗಿಸಿ ಬರೆದುಕೊಳ್ಳಿ. ಬಣ್ಣದಲ್ಲಿ ಬರೆಯುವ ಹರಳುಗಳ ಸಾಲು ಮೊಲದ ಮೈಯ ತಿರುವನ್ನೇ ಅನುಸರಿಸಬೇಕು. ಅವುಗಳನ್ನು ನೇರ ಸಾಲಿನಲ್ಲಿಟ್ಟರೆ ಪ್ರಾಣಿಯು ನಿರ್ಜೀವವಾಗಿ ಕಾಣುತ್ತದೆ. ಬೆನ್ನಿನ ಹಸಿರನ್ನು ಕೊನೆಗೆ ಉಳಿಸಿಕೊಂಡು, ರಸ್ತೆಯ ಆಚೆ ಬದಿಯಿಂದ ಇಡೀ ಚಿತ್ರವನ್ನು ನೋಡಿದ ಮೇಲೆಯೇ ಹಚ್ಚಿರಿ.